ನಲ್ಲಿಗೆ ಅಡ್ಡ ಬಂದ ರಾಹು

ಆ ಶನಿವಾರದ ಅನಾಹುತಕ್ಕೆಲ್ಲ ಮೂಲ, ಒಂಟಾರಿಯೋದ ಮಿಲ್ಟನ್ ಊರಿನ ಒಬ್ಬ ಇಂಡಿಯನ್ ಅಂಗಡಿಯವನು ಎರಡು ಮೂಟೆ ಸೋನಾಮಸೂರಿ ಕೊಂಡದ್ದಕ್ಕೆ ಗಿರಿಜವ್ವನಿಗೆ ಪುಕ್ಕಟೆಯಾಗಿ ಕೊಟ್ಟ ಗೋಡೆ ಕ್ಯಾಲೆಂಡರು. ಅದರ ಪ್ರತಿ ಪುಟದ ಅಡಿಯಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ ವಾರದ ರಾಹುಕಾಲಗಳನ್ನು ಅಚ್ಚು ಹಾಕಿದ್ದರು. ಶನಿವಾರ, ಒಂಬತ್ತರಿಂದ ಹತ್ತೂವರೆ. ಕೊಟ್ಟ ಅಂಗಡಿಯವನು ಅದನ್ನು ಓದಿರಲಿಕ್ಕಿಲ್ಲ. ಎಂಬತ್ತು ದಾಟಿದ ಗಿರಿಜವ್ವ ಕನ್ನಡಕವಿಲ್ಲದೆ ಓದಿದ್ದರು.

ಎರಡನೆಯ ಕಾರಣ ಚಂದ್ರಮೋಹನರ ನಾಲಿಗೆ. ಇಂಗ್ಲಿಷಿನಲ್ಲಿ ಫೋನು ಬಂದರೆ ಆ ಕಡೆಯವರು ಏನು ಹೇಳಿದರೂ "ಶೂರ್, ಶೂರ್" ಎನ್ನುವುದು ಅವರ ನಲವತ್ತು ವರ್ಷದ ಅಭ್ಯಾಸ. ಹಾಗೆ ಅಂದದ್ದಕ್ಕೇ ಅವರ ಮನೆಗೆ, ಚಳಿಗೆ ಮನೆ ಬಿಸಿಮಾಡುವ ಬೇಡದ ಫರ್ನೇಸು ಒಂದಲ್ಲ, ಎರಡು ಸಲ ಬಂದಿತ್ತು. ಗುರುವಾರ ಪಾರ್ಕು ಇಲಾಖೆಯ ನೀನಾ ಫೋನು ಮಾಡಿ, ಶನಿವಾರ ಬೆಳಿಗ್ಗೆ ಒಂಬತ್ತರಿಂದ ಹತ್ತರವರೆಗೆ ನಿಮ್ಮ ತೋಟದಲ್ಲಿರುತ್ತೇನೆ, ಮಕ್ಕಳು ಹೇಗೆ ಕಲಿಯುತ್ತಾರೆ ನೋಡಬೇಕು ಎಂದಳು. ಶೂರ್, ಶೂರ್. ನನ್ನ ಈಮೇಲ್ ಓದಿದಿರಲ್ಲ ಎಂದಳು. ಶೂರ್, ಶೂರ್. ನೋಡಿದ ಮೇಲೆ ನಲ್ಲಿಯ ವಿಷಯ ತೀರ್ಮಾನಿಸುತ್ತೇನೆ ಎಂದಳು. ಈ ಕೊನೆಯ ಮಾತೊಂದು ಚಂದ್ರಮೋಹನರ ಕಿವಿಯಲ್ಲಿ ಎಷ್ಟು ಇಂಪಾಗಿ ಕೂತಿತೆಂದರೆ, ಈಮೇಲಿನ ಮಾತು ಅಲ್ಲಿಂದ ಜಾರಿಹೋಯಿತು.

ನಲ್ಲಿ ಎಂದರೆ ಅವರಿಗೆ ಅಷ್ಟು ದೊಡ್ಡ ವಿಷಯವಾಗಿತ್ತು. ಮೂವತ್ತೊಂದು ವರ್ಷ ನೀರಿನ ಪೈಪುಗಳ ನಕ್ಷೆ ಬರೆದು ನಿವೃತ್ತರಾದ ಎಂಜಿನಿಯರು ಅವರು. ಅವರು ಗೆರೆ ಎಳೆದಲ್ಲೆಲ್ಲ ನೆಲದಡಿಯಲ್ಲಿ ನೀರು ಹರಿದಿತ್ತು. ಅಂಥವರು ಕಮ್ಯೂನಿಟಿ ಸೆಂಟರಿನ ಹಿಂದೆ ಹೈಸ್ಕೂಲು ಮಕ್ಕಳಿಗಾಗಿ ನಡೆಸುತ್ತಿದ್ದ ಕಲಿಕೆಯ ತೋಟಕ್ಕೆ ಮಾತ್ರ ಹನಿ ನೀರಿನ ಗತಿಯಿರಲಿಲ್ಲ. ಎರಡು ಬೇಸಿಗೆ ಅವರು ಮನೆಯ ನಲ್ಲಿಯಲ್ಲಿ ಹತ್ತು ಕ್ಯಾನು ತುಂಬಿಸಿ, ಹಳೆಯ ಕಾರಿಗೆ ಹೇರಿಕೊಂಡು, ದಿನಕ್ಕೆರಡು ಸಲ ಸಾಗಿಸಿದ್ದರು. ಮೊದಲು ಕಾರಿನ ಹಿಂಭಾಗ ಕುಸಿಯಿತು, ಆಮೇಲೆ ಅವರ ಸೊಂಟ. ಇನ್ನು ಭಾರ ಎತ್ತಿದರೆ ನನ್ನ ಹತ್ತಿರ ಬರಲೇಬೇಡಿ ಎಂದು ಫಿಸಿಯೋಥೆರಪಿಯವಳು ಹೇಳಿಬಿಟ್ಟಿದ್ದಳು.

ಹೆಂಡತಿ ಸತ್ಯಭಾಮಾ ಅದಕ್ಕೆ ತಮ್ಮ ತೀರ್ಪನ್ನು ಸೇರಿಸಿದ್ದರು. "ಈ ಸಲ ನಲ್ಲಿ ಬಂದ್ರೆ ತೋಟ. ಇಲ್ದಿದ್ರೆ ತೋಟಾನ ಟೌನಿನವ್ರಿಗೆ ವಾಪಸ್ ಕೊಟ್ಟು ಮನೇಲಿ ಕೂತ್ಕೊಳ್ಳಿ. ನೀವು ಕ್ಯಾನ್ ಎತ್ತೋದನ್ನ ಇನ್ನೊಂದ್ಸಲ ನೋಡಿದ್ರೆ ಕಾರಿನ ಕೀ ನನ್ನ ಹತ್ರ ಇರುತ್ತೆ."

ಮನೆಯಲ್ಲಿ ಕೂರುವುದು ಚಂದ್ರಮೋಹನರಿಗೆ ಆಗದ ಮಾತು. ಹೈಸ್ಕೂಲು ಪಾಸಾಗಲು ನಲವತ್ತು ಗಂಟೆ ಸಮಾಜಸೇವೆ ಮಾಡಬೇಕೆಂಬ ಇಲ್ಲಿನ ನಿಯಮಕ್ಕೆ ಕಟ್ಟುಬಿದ್ದು ಹದಿನಾಲ್ಕು ಮಕ್ಕಳು ತೋಟಕ್ಕೆ ಬರುತ್ತಿದ್ದರು. ಮೊದಮೊದಲು ಕೆಲಸಕ್ಕಿಂತ ಹೆಚ್ಚಾಗಿ ಗಡಿಯಾರವನ್ನೇ ನೋಡುತ್ತಿದ್ದವರು, ಈಗ ನಲವತ್ತು ಮುಗಿದ ಮೇಲೂ ಬರುತ್ತಿದ್ದರು. ಹೋದ ವರ್ಷ ಅವರಲ್ಲೊಬ್ಬಳಾದ ಈಶಾ ತಾನೇ ಬೆಳೆದ ಮೊದಲ ಬೆಂಡೆಕಾಯಿಯನ್ನು ಟಿಶ್ಯೂ ಕಾಗದದಲ್ಲಿ ಸುತ್ತಿ, ಹುಟ್ಟಿದ ಕೂಸಿನಂತೆ ಎತ್ತಿಕೊಂಡು ತಂದು ತೋರಿಸಿದಾಗ, ಅವರು ಕಾರಿನೊಳಗೆ ಹೋಗಿ ಕೂತು ಐದು ನಿಮಿಷ ಅತ್ತಿದ್ದರು. ನಿವೃತ್ತಿಯ ನಂತರ ಯಾರಿಗಾದರೂ ತಾನು ಬೇಕಾಗಿದ್ದೇನೆ ಅನ್ನಿಸಿದ್ದು ಅವರಿಗೆ ಅಲ್ಲಿ ಮಾತ್ರ.

ಶನಿವಾರ ಬೆಳಿಗ್ಗೆ ಏಳಕ್ಕೆ ತೋಟದ ವಾಟ್ಸಾಪ್ ಗುಂಪಿಗೆ ಗಿರಿಜವ್ವನ ಧ್ವನಿ ಬಂತು.

"ಎಲ್ಲಾರೂ ಕೇಳ್ರಿ. ಇವತ್ತ ಒಂಬತ್ತರಿಂದ ಹತ್ತೂವರಿ ತನಕಾ ರಾಹುಕಾಲ ಅದ. ಹೊಸಾ ಜಾಗಾ, ಹೊಸಾ ಮಣ್ಣು. ಒಬ್ಬರೂ ಗುದ್ದಲಿ ಹಾಕಬ್ಯಾಡ್ರಿ. ಹೋದ ವರ್ಷದ ಮೆಣಸಿನಕಾಯಿ ಕತಿ ನೆನಪದ ಅಲ್ಲ?"

ನೆನಪಿಲ್ಲದೆ ಏನು. ಹೋದ ವರ್ಷ ಮೇ ತಿಂಗಳ ಇದೇ ವಿಕ್ಟೋರಿಯಾ ಡೇ ರಜೆಯ ವಾರಾಂತ್ಯದಲ್ಲಿ, ರಾಹುಕಾಲದಲ್ಲೇ, ಎಪ್ಪತ್ತು ಮೆಣಸಿನ ಸಸಿ ನೆಟ್ಟಿದ್ದರು. ನಾಲ್ಕನೆಯ ದಿನ ಇಬ್ಬನಿ ಹೆಪ್ಪುಗಟ್ಟಿ ಎಪ್ಪತ್ತೂ ಸತ್ತವು. ಇಡೀ ಒಂಟಾರಿಯೋದಲ್ಲಿ ಅವತ್ತು ಮೆಣಸಿನ ಸಸಿ ಸತ್ತಿತ್ತು ಎನ್ನುವುದು ಬೇರೆ ಮಾತು. ಈ ವರ್ಷವಂತೂ ಪಾರ್ಕಿಂಗಿಗೆ ಜಾಗ ಬೇಕೆಂದು ತೋಟವನ್ನೇ ಬೇಲಿಯ ಪಕ್ಕಕ್ಕೆ ಸರಿಸಿದ್ದರು. ಯಾರೂ ಮುಟ್ಟಿರದ ನೆಲ. ಗಿರಿಜವ್ವನ ಮಾತಿಗೆ ಹನ್ನೊಂದು ಜನ ಕೈಮುಗಿಯುವ ಚಿತ್ರ ಒತ್ತಿದರು.

"ಸತ್ಯಾ, ಮುಳುಗಿದ್ವಿ ಕಣೇ! ಆ ಹುಡುಗಿ ಬರೋದು ಒಂಬತ್ತಕ್ಕೆ, ಹೋಗೋದು ಹತ್ತಕ್ಕೆ. ಬಂದು ನೋಡಿದ್ರೆ ಎಲ್ರೂ ಕೈ ಕಟ್ಕೊಂಡು ನಿಂತಿರ್ತಾರೆ. ನಲ್ಲಿ ಕೊಡ್ತಾಳಾ?"

ಸತ್ಯಭಾಮಾ ದೋಸೆ ಮಗುಚುತ್ತಲೇ ಪರಿಹಾರ ಹೇಳಿದರು. "ಅದಕ್ಯಾಕೆ ಅಷ್ಟು ಗಾಬರಿ? ಒಂಬತ್ತಕ್ಕೆ ಮುಂಚೆ ಗಿರಿಜವ್ವನ ಕೈಲೇ ಒಂದು ಸಸಿ ನೆಡ್ಸಿಬಿಡಿ. ಶುರು ಮಾಡಿದ ಕೆಲಸ ಮುಂದುವರ್ಸೋಕೆ ರಾಹುಕಾಲದ ದೋಷ ಇಲ್ಲ."

ಹೆಂಡತಿಯ ಬುದ್ಧಿಗೆ ಮನಸ್ಸಿನಲ್ಲೇ ಅಡ್ಡಬಿದ್ದ ಚಂದ್ರಮೋಹನರು, ಬೇಸ್‌ಮೆಂಟಿನಲ್ಲಿ ಟ್ಯೂಬ್‌ಲೈಟಿನಡಿ ಬೆಳೆಸಿದ್ದ ಸಸಿಗಳ ತಟ್ಟೆಗಳನ್ನು ಕಾರಿಗೆ ಪೇರಿಸಿ ಎಂಟೂಕಾಲಿಗೆ ಹೊರಟರು. ಹತ್ತು ನಿಮಿಷದ ದಾರಿ. ಆದರೆ ಅರ್ಧ ದಾರಿಯಲ್ಲಿ ರೈಲ್ವೆ ಗೇಟು ಬಿತ್ತು. ಗೂಡ್ಸು ಬಂತು. ಬಂದದ್ದು ಬರುತ್ತಲೇ ಇತ್ತು. ನೂರಾ ಇಪ್ಪತ್ತು ಡಬ್ಬಿ ಎಣಿಸಿದ ಮೇಲೆ ಅದು ನಿಂತುಬಿಟ್ಟಿತು, ಆಮೇಲೆ ಏನೋ ಮರೆತು ಬಂದವರಂತೆ ಹಿಂದಕ್ಕೆ ಹೊರಟಿತು. ಚಂದ್ರಮೋಹನರು ತೋಟ ಮುಟ್ಟಿದಾಗ ಎಂಟು ಐವತ್ತೆರಡು.

ಎಲ್ಲರೂ ಬಂದಿದ್ದರು. ಗಿರಿಜವ್ವ ಬೇಲಿಯ ಬಳಿ ಮಡಚುವ ಕುರ್ಚಿಯಲ್ಲಿ ಶಾಲು ಹೊದ್ದು ಕೂತಿದ್ದರು. ಪಕ್ಕದಲ್ಲಿ ಅವರ ಮಗ ಉಮಾಶಂಕರ, ಫಿಸಿಕ್ಸ್ ಪ್ರೊಫೆಸರಾಗಿ ನಿವೃತ್ತರಾದವರು. ಮೈಸೂರಿನ ಭಾಸ್ಕರ, ಸಾಫ್ಟ್‌ವೇರಿನವನು, ಎರಡು ಫೋನು ಹಿಡಿದು ನಿಂತಿದ್ದ.

"ಗಿರಿಜವ್ವ, ಎಂಟು ನಿಮಿಷ ಇದೆ. ಒಂದು ಟೊಮೇಟೊ ಸಸಿ ನೀವೇ ನೆಟ್ಟುಬಿಡಿ!" ಎಂದು ಚಂದ್ರಮೋಹನರು ಏದುಸಿರು ಬಿಟ್ಟರು.

"ಆತು, ಹಚ್ಚೋಣಂತ. ಗುದ್ದಲಿ ಎಲ್ಲದ?"

ಗುದ್ದಲಿ ಶೆಡ್ಡಿನಲ್ಲಿತ್ತು. ಶೆಡ್ಡಿಗೆ ನಾಲ್ಕು ಅಂಕಿಯ ಬೀಗವಿತ್ತು. ಆ ಅಂಕಿಯನ್ನು ಉಮಾಶಂಕರರು ಹೋದ ವಾರವಷ್ಟೇ ಬದಲಾಯಿಸಿದ್ದರು.

"ಭಾಳ ಸರಳ ನಂಬರ್ ಇಟ್ಟೇನ್ರಿ," ಎಂದರು ಉಮಾಶಂಕರರು ಹೆಮ್ಮೆಯಿಂದ. "ನಮ್ಮವ್ವ ಹುಟ್ಟಿದ ವರ್ಷ."

ತಿರುಗಿಸಿದರು. ಬೀಗ ಅಲುಗಲಿಲ್ಲ.

"ಯಾವ ವರ್ಷ ಹಾಕಿದ್ಯೋ?" ಎಂದು ಗಿರಿಜವ್ವ ಕೂತಲ್ಲಿಂದ ಕೇಳಿದರು. "ಸಾಲಿಯೊಳಗ ಬರಸಿದ್ದೊ, ಖರೇದ್ದೊ?"

"ಪಾಸ್‌ಪೋರ್ಟಿನಾಗಿಂದ ಹಾಕೇನಿ ಅನಸ್ತದವ್ವಾ."

"ಪಾಸ್‌ಪೋರ್ಟಿನ್ಯಾಗ ಇರೋದು ಸಾಲಿದೂ ಅಲ್ಲ, ಖರೇದೂ ಅಲ್ಲ. ಅದು ನಿಮ್ಮಪ್ಪ ಅರ್ಜಿ ತುಂಬುಮುಂದ ಅಂದಾಜ್ಲೆ ಬರದದ್ದು."

ಸಾಲಿಯ ವರ್ಷ ಹಾಕಿದರು. ತೆರೆಯಲಿಲ್ಲ. ಅಂದಾಜಿನ ವರ್ಷವನ್ನೇ ಮತ್ತೊಮ್ಮೆ ಹಾಕಿದರು. ಇಲ್ಲ. ಖರೆ ವರ್ಷ ಯಾವುದೆಂದು ಗಿರಿಜವ್ವನಿಗೇ ಗೊತ್ತಿರಲಿಲ್ಲ. ತಮ್ಮ ಊರಿನ ಕೆರೆ ಒಡೆದ ಮರುವರ್ಷ ಎಂದರು. ಹದಿನಾಲ್ಕು ಮಕ್ಕಳು ಫೋನಿನಲ್ಲಿ ಆ ಕೆರೆಯನ್ನು ಹುಡುಕತೊಡಗಿದರು. ಕೊನೆಗೆ ಕುನಾಲ್ ಎಂಬ ಹುಡುಗ ಸುಮ್ಮನೆ ಒಂದೊಂದೇ ವರ್ಷ ತಿರುಗಿಸುತ್ತ ಹೋದ. ಬೀಗ ಕ್ಲಿಕ್ಕೆಂದಿತು. ಅದೇ ಕ್ಷಣಕ್ಕೆ ಭಾಸ್ಕರನ ಒಂದು ಫೋನಿನ ಪಂಚಾಂಗದ ಆ್ಯಪಿನಿಂದ ಗಂಟೆ ಬಾರಿಸಿ ಹೆಂಗಸೊಬ್ಬಳು ಮಧುರವಾಗಿ ಹೇಳಿದಳು, "ರಾಹುಕಾಲ ಆರಂಭ."

ಅದರ ಬೆನ್ನಿಗೇ ಪಾರ್ಕು ಇಲಾಖೆಯ ಬಿಳಿ ಟ್ರಕ್ಕು ಬಂದು ನಿಂತಿತು. ನೀನಾ ಕಿತ್ತಳೆ ಬಣ್ಣದ ಜಾಕೀಟು ತೊಟ್ಟು, ಟ್ಯಾಬ್ಲೆಟ್ಟು ಹಿಡಿದು ಇಳಿದಳು. ಬ್ರಾಂಪ್ಟನ್ನಿನಲ್ಲಿ ಹುಟ್ಟಿ ಬೆಳೆದ ಪಂಜಾಬಿ ಹುಡುಗಿ. "ನಮಸ್ತೇ ಅಂಕಲ್‌ಜೀ, ಪ್ಲೀಸ್ ಕ್ಯಾರಿ ಆನ್. ನಾನು ಇಲ್ಲ ಅಂದ್ಕೊಳ್ಳಿ" ಎಂಬರ್ಥದಲ್ಲಿ ಕೈಯಾಡಿಸಿ ಒಂದು ಬದಿಗೆ ನಿಂತಳು.

ಕ್ಯಾರಿ ಆನ್ ಮಾಡಲು ಏನಿತ್ತು? ಮಕ್ಕಳು ಗುದ್ದಲಿ, ಸಲಿಕೆಗಳನ್ನು ಹೆಗಲಿಗೇರಿಸಿ ಪೆರೇಡಿನ ಸಿಪಾಯಿಗಳಂತೆ ನಿಂತಿದ್ದರು. ದೊಡ್ಡವರ ನಡುವೆ ಜಗಳ ಹತ್ತಿಕೊಂಡಿತ್ತು.

"ಅವ್ವಾ, ನಿನ್ನ ಕ್ಯಾಲೆಂಡರು ಸೂರ್ಯ ಆರಕ್ಕ ಹುಟ್ಟತಾನ, ಆರಕ್ಕ ಮುಳಗತಾನ ಅಂತ ಲೆಕ್ಕಾ ಹಾಕೇದ," ಎಂದರು ಉಮಾಶಂಕರರು. "ಇಲ್ಲಿ ಇವತ್ತ ಸೂರ್ಯ ಹುಟ್ಟಿದ್ದು ಐದು ಐವತ್ತಕ್ಕ. ಮುಳಗೋದು ರಾತ್ರಿ ಎಂಟೂವರಿ ಮ್ಯಾಲೆ. ಅದನ್ನ ಎಂಟು ಭಾಗಾ ಮಾಡಿದ್ರ ರಾಹುಕಾಲ ಶುರು ಆಗೋದು ಒಂಬತ್ತು ಮೂವತ್ತೆರಡಕ್ಕ. ಅರ್ಧಾ ತಾಸು ಪೂರಾ ಅದ. ಹಚ್ಚೋಣ ನಡಿ."

"ಪ್ರೊಫೆಸರ್ ಸರ್, ಡೇಲೈಟ್ ಸೇವಿಂಗ್ ಮರೆತ್ರಿ, ಬೇಸಿಗೆಗೆ ಗಡಿಯಾರ ಒಂದು ಗಂಟೆ ಮುಂದಕ್ಕೆ ತಿರುಗಿಸಿದೀವಲ್ಲ," ಎಂದ ಭಾಸ್ಕರ. "ಕ್ಯಾಲೆಂಡರಿನ ಒಂಬತ್ತು ಅಂದ್ರೆ ನಮ್ಮ ಗಡಿಯಾರದ ಹತ್ತು. ಹತ್ತರವರೆಗೂ ಏನೂ ತೊಂದ್ರೆ ಇಲ್ಲ. ಹಾಗೆ ನೋಡಿದ್ರೆ ಬೆಂಗಳೂರಲ್ಲಿ ಈಗ ಸಂಜೆ ಆರೂವರೆ. ಅಲ್ಲಿ ರಾಹು ಬಂದು ಹೋಗಿ ಯಾವ ಕಾಲ ಆಯ್ತು."

"ಅಂದ್ರ ರಾಹು ಬರೇ ಬೆಂಗಳೂರಿನಾಗ ಇರ್ತಾನ? ಇಲ್ಲಿಗೆ ಬರಾಕ ಅವಗ ವೀಸಾ ಬೇಕೇನ?" ಎಂದು ಗಿರಿಜವ್ವ ತಿರುಗಿಬಿದ್ದರು. "ಮತ್ತ ಗಡಿಯಾರ ಹಿಂದ ಮುಂದ ತಿರುವಿದವರು ನೀವು. ಅದನ್ನ ರಾಹುಗ ಯಾರು ಹೇಳ್ಯಾರ?"

ಗಿರಿಜವ್ವನ ಹಿತ್ತಲಲ್ಲಿ ಸೊಂಪಾಗಿ ಹಬ್ಬುವ ಸೌತೆ ಚಪ್ಪರ ಕಂಡವರು ಅವರಿಗೆ ಹೆಚ್ಚು ಹೊತ್ತು ಎದುರಾಡುತ್ತಿರಲಿಲ್ಲ. ಚಂದ್ರಮೋಹನರಿಗಂತೂ ದಾಕ್ಷಿಣ್ಯವೇ ದೊಡ್ಡ ರೋಗ. ಅವರು ನೀನಾಳ ಕಡೆ ತಿರುಗಿ ಹಲ್ಲು ಕಿರಿದು, ಇದು ನಮ್ಮ ಥಿಯರಿ ಕ್ಲಾಸು ಎಂದರು. ಎಂದ ತಪ್ಪಿಗೆ ಥಿಯರಿ ಶುರುಮಾಡಲೇಬೇಕಾಯಿತು. ಜೇಡಿಮಣ್ಣು ಎಂದರೇನು, ಮರಳುಮಣ್ಣು ಎಂದರೇನು, ನೀರು ಬೇರಿಗೆ ಹೇಗೆ ಏರುತ್ತದೆ. ಹದಿನೈದು ನಿಮಿಷದಲ್ಲಿ ಮಕ್ಕಳು ಆಕಳಿಸತೊಡಗಿದರು. ಗುದ್ದಲಿ ಹೆಗಲ ಮೇಲೇ ಇತ್ತು.

ನೀನಾ ಈಶಾಳ ಬಳಿ ಬಂದು ಮೆಲ್ಲಗೆ ಕೇಳಿದಳು, "ಎಲ್ಲರೂ ಏನಕ್ಕೆ ಕಾಯ್ತಾ ಇದ್ದೀರಿ?"

ಈಶಾ ಸುಳ್ಳು ಹೇಳುವ ಹುಡುಗಿಯಲ್ಲ. "ವಿ ಆರ್ ವೇಟಿಂಗ್ ಫಾರ್ ರಾಹು ಟು ಲೀವ್."

"ರಾಹು ಯಾರು? ಅವರೂ ವಾಲಂಟಿಯರಾ?"

"ನಾಟ್ ಎಗ್ಸಾಕ್ಟ್ಲಿ. ಹತ್ತೂವರೆಗೆ ಹೋಗ್ತಾರೆ."

ನೀನಾ ತಲೆಯಾಡಿಸಿ ಟ್ಯಾಬ್ಲೆಟ್ಟಿನಲ್ಲಿ ಏನೋ ಬರೆದುಕೊಂಡಳು. ಚಂದ್ರಮೋಹನರು ಕಾಂಪೋಸ್ಟ್ ಡಬ್ಬಿ ನೋಡುವ ನೆಪದಲ್ಲಿ ಅವಳ ಹಿಂದೆ ಹಾದು, ಕುತ್ತಿಗೆ ಉದ್ದ ಮಾಡಿ ಇಣುಕಿದರು. ಪರದೆಯ ಮೇಲೆ ದೊಡ್ಡದಾಗಿ ಕಂಡದ್ದು ಒಂದೇ ಸಾಲು. ಅಗೆತ: ಶೂನ್ಯ.

ಎರಡು ಬೇಸಿಗೆಯ ಬೆವರು, ಹದಿನಾಲ್ಕು ಮಕ್ಕಳು, ಬೆಂಡೆಕಾಯಿ, ಎಲ್ಲವೂ ಆ ಶೂನ್ಯದೊಳಗೆ ಸುರುಳಿ ಸುತ್ತಿ ಇಳಿದುಹೋಗುತ್ತಿರುವಂತೆ ಕಂಡಿತು. ಸೋಮವಾರದಿಂದ ಮನೆಯಲ್ಲಿ ಕೂತು ಟಿವಿಯಲ್ಲಿ ಹವಾಮಾನ ನೋಡುವ ತಮ್ಮ ಚಿತ್ರವೂ ಕಣ್ಣ ಮುಂದೆ ಬಂತು. ಗಂಟೆ ಒಂಬತ್ತು ನಲವತ್ತು. ಇಪ್ಪತ್ತು ನಿಮಿಷ ಉಳಿದಿತ್ತು.

ಸಾಧು ಎತ್ತು ಹಾಯಲು ನಿಂತರೆ ಹಿಡಿಯುವವರಿಲ್ಲ. ಅರವತ್ತೆಂಟು ವರ್ಷ ಯಾರಿಗೂ ಎದುರಾಡದ ಚಂದ್ರಮೋಹನರು ಕುನಾಲನ ಹೆಗಲಿನಿಂದ ಗುದ್ದಲಿ ಕಿತ್ತುಕೊಂಡರು.

"ಆಗಿದ್ದಾಗ್ಲಿ! ದೋಷ ಎಲ್ಲ ನನ್ನ ತಲೆ ಮೇಲಿರ್ಲಿ. ರಾಹು ಬಂದು ತಿನ್ನೋದಾದ್ರೆ ನನ್ನನ್ನ ತಿನ್ಲಿ. ನಾನು ಅಗೀತೀನಿ!"

ಬೇಲಿಯ ಪಕ್ಕ, ಮೊದಲ ಪಾತಿಗೆಂದು ಅವರೇ ಹಗ್ಗ ಕಟ್ಟಿ ಗುರುತು ಮಾಡಿದ್ದ ಜಾಗಕ್ಕೆ ದಾಪುಗಾಲು ಹಾಕಿದರು. ಗಿರಿಜವ್ವ ಕೂತ ಕುರ್ಚಿಯಿಂದ ಎದ್ದರು. ಎಂಬತ್ತರ ಮೊಣಕಾಲಿನಲ್ಲಿ ಅಷ್ಟು ವೇಗ ಎಲ್ಲಿ ಅಡಗಿತ್ತೋ, ಅದೇ ಕುರ್ಚಿಯನ್ನು ಎತ್ತಿಕೊಂಡು ಹೋಗಿ ಹಗ್ಗದ ನಟ್ಟನಡುವೆ ಊರಿ, ಅದರ ಮೇಲೆ ಕೂತುಬಿಟ್ಟರು.

"ಹಾಕು. ಮೊದಲ ನನ್ನ ಮ್ಯಾಲೆ ಹಾಕು, ಆಮ್ಯಾಲೆ ಮಣ್ಣಿಗೆ ಹಾಕು."

"ಗಿರಿಜವ್ವ, ದಮ್ಮಯ್ಯ, ಏಳಿ!"

"ಹತ್ತೂವರಿ ತನಕಾ ಏಳಂಗಿಲ್ಲಪಾ."

ಚಂದ್ರಮೋಹನರು ಕುರ್ಚಿಯ ಎಡಕ್ಕೆ ಹೋದರೆ ಗಿರಿಜವ್ವ ಕುರ್ಚಿಸಮೇತ ಎಡಕ್ಕೆ ಜಾರಿದರು. ಬಲಕ್ಕೆ ಹೋದರೆ ಬಲಕ್ಕೆ. ಮಕ್ಕಳಲ್ಲಿ ಅರ್ಧ ಜನ ವಿಡಿಯೋ ಮಾಡುತ್ತಿದ್ದರು. ಕೊನೆಗೆ ಗಿರಿಜವ್ವನ ಹಿಂದೆ ಒಂದು ಗೇಣು ಜಾಗ ಕಂಡು ಚಂದ್ರಮೋಹನರು ಗುದ್ದಲಿ ಎತ್ತಿದರು.

"ಸ್ಟಾಪ್! ಅಂಕಲ್‌ಜೀ, ಸ್ಟಾಪ್!"

ನೀನಾ ಓಡಿಬಂದು ಗುದ್ದಲಿಯ ಹಿಡಿ ಹಿಡಿದುಕೊಂಡಳು. ಅವಳ ಮುಖ ಬಿಳಿಚಿತ್ತು. "ನನ್ನ ಈಮೇಲ್ ಓದಿದ್ದೀನಿ ಅಂದ್ರಲ್ಲ? ಈ ಬೇಲಿ ಪಕ್ಕದಲ್ಲಿ ಗ್ಯಾಸ್ ಲೈನ್ ಇದೆ. ಗುರುತು ಹಾಕೋವರೆಗೆ ಯಾರೂ ನೆಲ ಮುಟ್ಟಬೇಡಿ ಅಂತ ಬುಧವಾರವೇ ಬರೆದಿದ್ದೆ!"

ಚಂದ್ರಮೋಹನರು ಫೋನು ತೆಗೆದರು. ಈಮೇಲ್ ಇತ್ತು. ಹಾಸಿಗೆ ಸೇಲಿನ ಜಾಹೀರಾತಿಗೂ ವಿಟಮಿನ್ ಮಾತ್ರೆಯ ಜಾಹೀರಾತಿಗೂ ನಡುವೆ, ಕೆಂಪು ಗುರುತು ಹೊತ್ತು, ಮೂರು ದಿನದಿಂದ ಕಾಯುತ್ತಿತ್ತು.

ಹತ್ತಕ್ಕೆ ಗುರುತು ಹಾಕುವವನು ಬಂದ. ಕೋಲಿನಂಥ ಯಂತ್ರವನ್ನು ನೆಲದ ಮೇಲಾಡಿಸುತ್ತ ಹಳದಿ ಬಾವುಟಗಳನ್ನು ಚುಚ್ಚುತ್ತ ಬಂದ. ಬಾವುಟಗಳ ಸಾಲು ನೇರ ಬಂದು ಗಿರಿಜವ್ವನ ಕುರ್ಚಿಯ ಕೆಳಗೆ ಹೊಕ್ಕಿತು. "ಅಜ್ಜಿ, ಸ್ವಲ್ಪ ಕಾಲು ಎತ್ತಿ" ಎಂದು ಅವನು ಸನ್ನೆ ಮಾಡಿದ. ಗಿರಿಜವ್ವ ಕಾಲೆತ್ತಿದರೇ ಹೊರತು ಏಳಲಿಲ್ಲ. ಹತ್ತೂವರೆಗೆ ಇನ್ನೂ ಸಮಯವಿತ್ತು.

ಚಂದ್ರಮೋಹನರು ಆ ಹಳದಿ ಬಾವುಟವನ್ನೂ ತಮ್ಮ ಕೈಯ ಗುದ್ದಲಿಯನ್ನೂ ನೋಡಿದರು. ಮೂವತ್ತೊಂದು ವರ್ಷ ಪೈಪಿನಲ್ಲೇ ಬದುಕಿದ ಮನುಷ್ಯ ಪೈಪಿನ ಮೇಲೇ ಗುದ್ದಲಿ ಹಾಕಲು ಹೊರಟಿದ್ದ. ಅವರಿಗೆ ನಿಂತ ನೆಲದಲ್ಲೇ ಹೂತುಹೋದರೆ ಸಾಕೆನ್ನಿಸಿತು. ಆದರೆ ಅದಕ್ಕೂ ಅಗೆಯಬೇಕಲ್ಲ.

"ಬೆಳಿಗ್ಗೆಯಿಂದ ಇನ್ನೆರಡು ತೋಟಕ್ಕೆ ಹೋಗಿ ಬಂದೆ," ಎಂದಳು ನೀನಾ. ಈಗ ಅವಳ ಮುಖದಲ್ಲಿ ನಗುವಿತ್ತು. "ಎರಡೂ ಕಡೆ ಈಮೇಲ್ ಓದಿಯೂ ಅಗೆದುಬಿಟ್ಟಿದ್ದರು. ಇಲ್ಲಿ ಹದಿನಾಲ್ಕು ಟೀನೇಜರ್ಸು ನಲವತ್ತು ನಿಮಿಷ ಒಂದು ಹುಲ್ಲೂ ಕೀಳದೆ ನಿಂತಿದ್ದಾರೆ. ನನ್ನ ಸರ್ವೀಸಿನಲ್ಲೇ ಇಂಥ ಡಿಸಿಪ್ಲಿನ್ ನೋಡಿಲ್ಲ. ಈ ದಾದೀಜಿಯಂತೂ ಪ್ರಾಣ ಒತ್ತೆಯಿಟ್ಟರು. ನಾನು ರಿಪೋರ್ಟು ಬರೆದಾಯ್ತು. ನಿಮಗೆ ನಲ್ಲಿ ಮಂಜೂರು."

ಮಕ್ಕಳ ಕೂಗಿಗೆ ಬೇಲಿಯ ಮೇಲಿನ ಹಕ್ಕಿಗಳೆಲ್ಲ ಎದ್ದುಹೋದವು. ಭಾಸ್ಕರ ಉಮಾಶಂಕರರನ್ನು ಅಪ್ಪಿಕೊಂಡ. ತನಗೇಕೆ ಚಪ್ಪಾಳೆ ತಟ್ಟುತ್ತಿದ್ದಾರೆಂದು ಗಿರಿಜವ್ವನಿಗೆ ತಿಳಿಯಲಿಲ್ಲ. ತಿಳಿಸಿ ಹೇಳಿದಾಗ, "ನಾ ಹೇಳಿದ್ನಿಲ್ಲೋ" ಎಂದು ಶಾಲು ಸರಿಮಾಡಿಕೊಂಡರು. ಚಂದ್ರಮೋಹನರ ಕಣ್ಣು ತುಂಬಿತು. ಹತ್ತೂವರೆ ಹೊಡೆದ ಮೇಲೆ, ಬಾವುಟಗಳಿಂದ ಮೂರು ಮೀಟರು ಆಚೆ, ಗಿರಿಜವ್ವನ ಕೈಯಿಂದಲೇ ಮೊದಲ ಟೊಮೇಟೊ ಸಸಿ ಹೊಸ ಮಣ್ಣಿಗೆ ಇಳಿಯಿತು.

ಸಸಿ ನೆಡುವುದನ್ನೂ ನೋಡಿಯೇ ಹೊರಟ ನೀನಾ ಟ್ರಕ್ಕು ಹತ್ತುವಾಗ ಚಂದ್ರಮೋಹನರು ಓಡಿಹೋಗಿ ಕೇಳಿದರು. "ಸೋ, ಪ್ಲಂಬರ್ ಮಂಗಳವಾರ ಬರ್ತಾನಾ? ಬುಧವಾರನಾ?"

"ಅಯ್ಯೋ ಅಂಕಲ್‌ಜೀ, ಗ್ಯಾಸ್ ಲೈನ್ ದಾಟಿ ಪೈಪ್ ಎಳೀಬೇಕಲ್ಲ. ಡ್ರಾಯಿಂಗು, ಪರ್ಮಿಟ್ಟು, ಆಮೇಲೆ ಚಳಿಗಾಲ. ನಲ್ಲಿ ಬರೋದು ಮುಂದಿನ ವರ್ಷ ಮೇ ತಿಂಗಳಲ್ಲಿ. ಈ ಒಂದು ಬೇಸಿಗೆ ಹೇಗೋ ಮ್ಯಾನೇಜ್ ಮಾಡ್ತೀರಲ್ಲ?"

"ಶೂರ್, ಶೂರ್" ಎಂದಿತು ಚಂದ್ರಮೋಹನರ ನಾಲಿಗೆ, ಅವರನ್ನು ಕೇಳದೆಯೇ.

ಟ್ರಕ್ಕು ಹೋದ ಮೇಲೆ ಅವರು ಅಲ್ಲಿಯೇ ಕುಸಿದು ಕೂತರು. ಸೊಂಟ, ಫಿಸಿಯೋಥೆರಪಿಯವಳು, ಸತ್ಯಭಾಮಾ, ಎಲ್ಲರೂ ಸಾಲಾಗಿ ನೆನಪಾದರು. ಕ್ಯಾನು ಮುಟ್ಟಿದರೆ ತೋಟ ಬಂದ್. ಮುಟ್ಟದಿದ್ದರೆ ಇನ್ನೂರು ಸಸಿ ವಾರದಲ್ಲಿ ಒಣಗುತ್ತವೆ. ಇದನ್ನು ಮಕ್ಕಳಿಗೆ ಹೇಳಬೇಕಾಯಿತು.

ಮಕ್ಕಳು ಒಂದು ಕಡೆ ಗುಂಪುಗೂಡಿ ಗುಸುಗುಸು ಮಾತಾಡಿಕೊಂಡರು. ಈಶಾ ಮುಂದೆ ಬಂದಳು. "ಅಂಕಲ್, ಯೂ ಡೋಂಟ್ ಲಿಫ್ಟ್ ಎನಿಥಿಂಗ್. ಇಡೀ ಸಮ್ಮರ್ ನೀರು ನಮ್ಮ ಜವಾಬ್ದಾರಿ. ನಾವೇ ತುಂಬಿಸ್ತೀವಿ, ನಾವೇ ಎತ್ತುತೀವಿ. ಯೂ ಜಸ್ಟ್ ಸಿಟ್."

ಬೆಂಡೆಕಾಯಿಯ ದಿನಕ್ಕಿಂತ ಹೆಚ್ಚಾಗಿ, ಈ ಸಲ ಎಲ್ಲರೆದುರೇ ಚಂದ್ರಮೋಹನರು ಅತ್ತರು. ಫೋನಿನಲ್ಲಿ ವಿಷಯ ಕೇಳಿದ ಸತ್ಯಭಾಮಾ ಕೂಡ ಮೂಗು ಒರೆಸಿಕೊಂಡು, "ಎಷ್ಟು ಒಳ್ಳೆ ಮಕ್ಳು ರೀ, ತೋಟ ನಡೀಲಿ ಬಿಡಿ" ಎಂದರು.

"ಆದ್ರೆ ಯೂ ಹ್ಯಾವ್ ಟು ಸಿಟ್ ಇನ್ ದ ಕಾರ್," ಎಂದು ಕುನಾಲ್ ಸೇರಿಸಿದ.

"ಯಾಕಪ್ಪ?"

ಏಳು ಮಕ್ಕಳು ಏಳು ಪರ್ಸಿನಿಂದ ಏಳು ಹೊಸ ಕಲಿಕಾ ಲೈಸೆನ್ಸು ತೆಗೆದು ತೋರಿಸಿದರು. ಈಶಾಳದ್ದು ಬಂದು ನಾಲ್ಕು ದಿನವಾಗಿತ್ತು. ಕಲಿಯುವವರ ಪಕ್ಕದ ಸೀಟಿನಲ್ಲಿ ಪೂರ್ಣ ಲೈಸೆನ್ಸಿನ ದೊಡ್ಡವರೊಬ್ಬರು ಇರಲೇಬೇಕು. ಅಪ್ಪ ಅಮ್ಮ ಯಾರೂ ಒಪ್ಪುತ್ತಿಲ್ಲವಂತೆ, ಎಲ್ಲರಿಗೂ ಪ್ರಾಕ್ಟೀಸು ಬೇಕಂತೆ. ದಿನಕ್ಕೆರಡು ಟ್ರಿಪ್ಪು ಎಂದರೆ ವಾರಕ್ಕೆ ಹದಿನಾಲ್ಕು, ತಲೆಗೆ ಎರಡೆರಡು ಎಂದು ಅಷ್ಟರಲ್ಲೇ ಹಂಚಿಕೊಂಡೂ ಆಗಿತ್ತು.

ಆ ಸಂಜೆ ಮೊದಲ ಸರದಿ ಈಶಾಳದು. ಹಿಂದಿನ ಸೀಟಿನಲ್ಲೂ ಡಿಕ್ಕಿಯಲ್ಲೂ ಹತ್ತು ಕ್ಯಾನು ನೀರು ಗುಳುಗುಳು ಎನ್ನುತ್ತಿತ್ತು. ಚಂದ್ರಮೋಹನರು ಎರಡು ಕೈಯಲ್ಲೂ ಸೀಟಿನ ಅಂಚು ಹಿಡಿದು, ಇಲ್ಲದ ಬ್ರೇಕನ್ನು ಬಲಗಾಲಿನಿಂದ ಒತ್ತುತ್ತ, ಗೊತ್ತಿದ್ದ ದೇವರನ್ನೆಲ್ಲ ಕರೆಯುತ್ತ ಕೂತಿದ್ದರು. ಸೊಂಟ ಒಂದಿಷ್ಟೂ ನೋಯುತ್ತಿರಲಿಲ್ಲ. ನೋವು ಈಗ ಎದೆಗೆ ಬಂದಿತ್ತು.

"ಅಂಕಲ್, ಹೈವೇ ಟ್ರೈ ಮಾಡ್ಲಾ?" ಎಂದಳು ಈಶಾ ಉತ್ಸಾಹದಿಂದ.